ಗೋಡೆ ಹತ್ತಿದ ದಮ್ಮಡಿ

ನಮ್ಮ ಮನೆಯ ಜಗಳ ಶುರುವಾದದ್ದು ಬೆಂಕಿ ಇಲ್ಲದ ಒಲೆಯಿಂದ. ಬೇರೆ ಮನೆಗಳಲ್ಲಿ ಏನಾದರೂ ಹತ್ತಿಕೊಂಡು ಉರಿದರೆ ಜನ ಕೂಗಾಡುತ್ತಾರೆ. ನಮ್ಮದು ಎಲ್ಲದರಲ್ಲೂ ಉಲ್ಟಾ.

ನಮ್ಮವರು ಅಡುಗೆಮನೆ ಮಾರುತ್ತಾರೆ. ಪಾತ್ರೆ ಪಡಗವಲ್ಲ, ಇಡೀ ಅಡುಗೆಮನೆಯನ್ನೇ: ಕಪಾಟು, ಕಟ್ಟೆ, ತಳ್ಳಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರು, ಎಲ್ಲ ಸೇರಿಸಿ. ಗಿರಾಕಿಗಳನ್ನು ಕರೆತಂದು ತೋರಿಸಲು ಒಂದು ಮಾದರಿ ಬೇಕೆಂದು ನಮ್ಮ ಮನೆಯದನ್ನೇ ಕಿತ್ತು ಹೊಸದಾಗಿ ಕಟ್ಟಿಸಿದರು. ನನ್ನನ್ನು ಕೇಳಿದರೇ? ಕೇಳಿದರು, ಬಣ್ಣ ಯಾವುದಿರಲಿ ಅಂತ. ನಾನು ಬಸ್ ಕಂಡಕ್ಟರ್, ಬೆಳಗ್ಗೆ ಮಬ್ಬಿರುವಾಗಲೇ ಮನೆ ಬಿಡುವವಳು. ಒಂದು ದಿನ ಡ್ಯೂಟಿ ಮುಗಿಸಿ ಬಂದು ನೋಡಿದರೆ ನನ್ನ ಗ್ಯಾಸ್ ಒಲೆ ಮಾಯ. ಅದರ ಜಾಗದಲ್ಲಿ ಒಂದು ಕಪ್ಪು ಗಾಜು. ಗುಂಡಿ ಒತ್ತಿದರೆ ಪಾತ್ರೆ ಕಾಯುತ್ತದೆ, ಉರಿ ಮಾತ್ರ ಕಾಣುವುದಿಲ್ಲ.

ಸಂಜೆ ಅತ್ತೆ ತಮ್ಮ ದಮ್ಮಡಿ ಹಿಡಿದುಕೊಂಡು ಬಂದು ಒಲೆಯ ಮುಂದೆ ನಿಂತರು. ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬಂದವರ ಮುಖ ಇರುತ್ತದಲ್ಲ, ಹಾಗಿತ್ತು ಅವರ ಮುಖ.

"ಇದರಲ್ಲಿ ಉರಿ ಎಲ್ಲಿ ಬರುತ್ತೋ?"

"ಉರಿ ಬರಲ್ಲಮ್ಮ. ಅದೇ ಇದರ ವಿಶೇಷ," ಎಂದರು ನಮ್ಮವರು, ಗಿರಾಕಿಗೆ ಹೇಳುವ ದನಿಯಲ್ಲೇ.

"ಉರಿ ಇಲ್ಲದೆ ತೊಗಲು ಹೇಗೆ ಕಾಯಿಸಲಿ?"

"ಕಾಯಿಸಬೇಡ. ಹಾಗೇ ಬಾರಿಸು."

ಹೆತ್ತ ತಾಯಿಯ ಸಂಜೆಯ ಕೆಲಸವೇನು ಅಂತ ನಲವತ್ತು ದಾಟಿದ ಮಗನಿಗೆ ಗೊತ್ತಿರಲಿಲ್ಲ. ದಮ್ಮಡಿ ಎಂದರೆ ಮರದ ಬಳೆ, ಅದರ ಒಂದು ಬದಿಗೆ ಬಿಗಿದ ತೊಗಲು. ತಂಡಿ ಹಿಡಿದರೆ ತೊಗಲು ಜೋತು ಬಿದ್ದು ಒದ್ದೆ ರಟ್ಟಿಗೆ ಬಡಿದ ಹಾಗೆ ಸದ್ದು ಬರುತ್ತದೆ. ಉರಿಯ ಮೇಲೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಬಿಗಿಯುತ್ತದೆ, ಆಗ ಅದಕ್ಕೆ ದನಿ ಬರುತ್ತದೆ. ಅತ್ತೆ ದಿನಾ ಸಂಜೆ ಟೀ ಇಳಿಸಿದ ಮೇಲೆ ಅದೇ ಉರಿಯಲ್ಲಿ ದಮ್ಮಡಿ ಕಾಯಿಸಿ, ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆಟ್ಟಿಲ ಮೇಲೆ ಕೂತು ಬಾರಿಸುತ್ತಿದ್ದರು. ನಾನು ಈ ಮನೆಗೆ ಬಂದಾಗಿನಿಂದ ನೋಡಿದ್ದೇನೆ. ನಮ್ಮವರಿಗೆ ಕಾಣಲಿಲ್ಲವಂತೆ.

ಅತ್ತೆ ವೇದಿಕೆ ಹತ್ತಿದವರಲ್ಲ, ಯಾರ ಬಳಿಯೂ ಕಲಿತವರಲ್ಲ. ಆಸ್ಪತ್ರೆಯ ಲಾಂಡ್ರಿಗೆ ಬಟ್ಟೆ ಒಗೆಯಲು ಸೇರಿದಾಗ ಇನ್ನೂ ಎರಡು ಜಡೆಯ ಹುಡುಗಿ. ಒದ್ದೆ ಬೆಡ್‌ಶೀಟಿನ ನಾಲ್ಕು ಮೂಲೆಗಳನ್ನು ಇಬ್ಬರು ಹೆಂಗಸರು ಹಿಡಿದು, ಜಾಡಿಸಿ, ಎದುರುಬದುರು ನಡೆದು ಬಂದು ಮಡಿಸಬೇಕು. ಹೆಜ್ಜೆ ತಪ್ಪಿದರೆ ಬಟ್ಟೆ ಸುಕ್ಕು, ಬಟ್ಟೆ ಸುಕ್ಕಾದರೆ ಬೈಗುಳ. ಹಾಗಾಗಿ ಹೆಜ್ಜೆ ಕೂಡಿಸಲು ಅಲ್ಲಿನ ಹೆಂಗಸರು ಹಾಡು ಕಟ್ಟಿಕೊಂಡಿದ್ದರು. ಮೇಸ್ತ್ರಿಯ ಮೇಲೆ, ಸೋಪಿನ ಮೇಲೆ, ಗಂಡಂದಿರ ಮೇಲೆ, ಎಷ್ಟು ಉಜ್ಜಿದರೂ ಹೋಗದ ಕಲೆಯ ಮೇಲೆ. ಒಬ್ಬ ಮುದುಕಿ ಕೆಲಸ ಬಿಡುವಾಗ ತನ್ನ ದಮ್ಮಡಿಯನ್ನು ಅತ್ತೆಯ ಕೈಗೆ ಕೊಟ್ಟು ಹೋದಳು. ಅಂದಿನಿಂದ ಅದು ಅವರನ್ನು ಬಿಟ್ಟಿಲ್ಲ. ಮದುವೆಯಾದ ಮೇಲೆ ಮಾವ, "ಮನೆಯೊಳಗೆ ಬೇಡ," ಅಂದರಂತೆ. ಅತ್ತೆ ತಾರಸಿಗೆ ಹೋದರು. ಮಾವ ತೀರಿಕೊಂಡಾಗ ನೆಂಟರು, "ಇನ್ನಾದರೂ ಬಿಡು," ಅಂದರಂತೆ. ಅತ್ತೆ ತಾರಸಿಯಿಂದ ಇಳಿದು ಅಡುಗೆಮನೆಗೆ ಬಂದರು.

ಆ ಲಾಂಡ್ರಿಯಲ್ಲೊಂದು ಕಟ್ಟುಪಾಡಿತ್ತು. ಯಾರಿಗಾದರೂ ನಿವೃತ್ತಿಯಾದ ದಿನ ಅವಳು ಗೇಟಿನ ಒಳಗೇ ನಿಲ್ಲಬೇಕು. ಹೊರಗೆ ದಮ್ಮಡಿಯ ಸದ್ದು ಕೇಳಿದ ಮೇಲೆಯೇ ಕಾಲು ಆಚೆ ಇಡಬೇಕು. ಅಧಿಕಾರಿಗಳು ಆ ಹೆಂಗಸರಿಗೆ ಒಂದು ಒಳ್ಳೆ ಮಾತು ಕೂಡ ಹೇಳಿ ಕಳಿಸುತ್ತಿರಲಿಲ್ಲ, ಅದಕ್ಕೆ ತಾವೇ ಮಾಡಿಕೊಂಡ ಮರ್ಯಾದೆ ಅದು. ಅತ್ತೆ ತಮ್ಮ ಜೊತೆಯ ಎಲ್ಲರನ್ನೂ ಹಾಗೆ ದಾಟಿಸಿದ್ದರು. ತಮ್ಮ ನಿವೃತ್ತಿಯ ದಿನ ತಾವೇ ಬಾರಿಸಿಕೊಂಡು ಬಂದಿದ್ದರು. ಉಳಿದವಳು ಒಬ್ಬಳೇ, ಎಲ್ಲರಿಗಿಂತ ಚಿಕ್ಕವಳು, ಗಿಡ್ಡಿ. ಅವಳ ನಿವೃತ್ತಿ ಆ ತಿಂಗಳ ಕೊನೆಗೆ. ಅವಳ ನಂತರ ಅಲ್ಲಿ ಬರೀ ಮೆಷಿನ್ನುಗಳು.

"ಗಿಡ್ಡಿನ ದಾಟಿಸಿಬಿಟ್ಟರೆ ನನ್ನ ಕೆಲಸ ಮುಗೀತು ಕಣಮ್ಮ," ಎಂದು ಅತ್ತೆ ಈರುಳ್ಳಿ ಹೆಚ್ಚುತ್ತಾ ನನ್ನ ಬಳಿ ಹೇಳುತ್ತಿದ್ದರು. "ಅವಳು ಹಟಮಾರಿ. ಸದ್ದು ಕೇಳದಿದ್ದರೆ ಬೆಳಗಾಗೋವರೆಗೂ ಒಳಗೇ ನಿಂತಿರ್ತಾಳೆ."

ಒಲೆ ಹೋದರೂ ಅತ್ತೆ ಸುಮ್ಮನೆ ಕೂರಲಿಲ್ಲ. ರಸ್ತೆಯ ತುದಿಯಲ್ಲಿ ಇಸ್ತ್ರಿಯವನ ಗಾಡಿ ನಿಲ್ಲುತ್ತಿತ್ತು. ಸಂಜೆ ಅವನು ಪೆಟ್ಟಿಗೆಯ ಕೆಂಡ ಸುರಿಯುವ ಹೊತ್ತಿಗೆ ಅತ್ತೆ ದಮ್ಮಡಿ ತೆಗೆದುಕೊಂಡು ಹೋಗಿ ಅವನ ಕೆಂಡದ ಮೇಲೆ ಹಿಡಿಯುತ್ತಿದ್ದರು. ಅವನು ಒಂದು ಸ್ಟೂಲು ಕೊಡುತ್ತಿದ್ದ. ಇಬ್ಬರೂ ಹಳೇ ಸೀರೆಗಳ ಬಗ್ಗೆ, ಈಗಿನ ಬಟ್ಟೆಗಳ ದರಿದ್ರ ನೂಲಿನ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು.

ಒಂದು ದಿನ ನಮ್ಮವರ ಮ್ಯಾನೇಜರು ಕಾರಿನಲ್ಲಿ ಆ ದಾರಿಯಾಗಿ ಬಂದರು. ಅಂದು ಊಟದ ತಟ್ಟೆಯ ಮುಂದೆ ಕೂತ ನಮ್ಮವರು ತುತ್ತನ್ನೇ ಎತ್ತಲಿಲ್ಲ.

"ನಿಮ್ಮ ತಾಯಿನಾ ಅದು ಅಂತ ಕೇಳಿದರು. ಬೀದೀಲಿ, ಇಸ್ತ್ರಿಯವನ ಪಕ್ಕ. ನನಗೆ ಹೇಗಾಗಿರಬೇಡ?"

"ಹೇಗಾಯ್ತು?" ಎಂದಳು ಮಗಳು. ಕಾಲೇಜಿಗೆ ಹೋಗುವ ಹುಡುಗಿ, ನಾಲಿಗೆ ನನ್ನದೇ. "ಹೌದು ಸಾರ್, ನಮ್ಮಮ್ಮ ಅಂತ ಹೇಳಬೇಕಿತ್ತು. ಅದರಲ್ಲೇನಿದೆ?"

"ನೀನು ಸುಮ್ಮನಿರು."

"ಸುಮ್ಮನಿರ್ತೀನಿ. ಬೇಳೆ ಈ ಕಡೆ ಕೊಡು."

ಮುಂದಿನ ವಾರ ಇಸ್ತ್ರಿಯವನ ಗಾಡಿ ಅಲ್ಲಿರಲಿಲ್ಲ. ಹೊಗೆಯಿಂದ ತೊಂದರೆಯಾಗುತ್ತಿದೆ ಎಂದು ಯಾರೋ ದೂರು ಕೊಟ್ಟರಂತೆ, ದೊಡ್ಡ ರಸ್ತೆಯ ಆಚೆಗೆ ಅವನನ್ನು ಓಡಿಸಿದರಂತೆ. ಯಾರೋ ಅಂದರೆ ಯಾರು ಎಂದು ನಾನು ಕೇಳಿದೆ. ನಮ್ಮವರು ಟೀವಿಯ ದನಿ ಜಾಸ್ತಿ ಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ದುಡಿದು ತಿನ್ನುವ ಮನುಷ್ಯನ ಹೊಟ್ಟೆಯ ಮೇಲೆ ಹೊಡೆದು, ಏನೂ ಆಗದವರ ಹಾಗೆ ಕಾಲು ಚಾಚಿ ಕೂತಿದ್ದರು.

"ನೀವೇ ತಾನೇ?"

"ರಸ್ತೆ ಎಲ್ಲರದ್ದು."

"ಅವನದ್ದು ಬಿಟ್ಟು," ಎಂದೆ. ಗೋಡೆಗೆ ಹೇಳಿದ ಹಾಗಾಯಿತು.

ಇದಾದ ಮೇಲೆ ನಮ್ಮವರ ವರಸೆ ಬದಲಾಯಿತು. ಒಂದು ಭಾನುವಾರ ತಾಯಿಯ ಪಕ್ಕ ಹೋಗಿ ಕೂತು, ದಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. "ಅಮ್ಮ, ಎಷ್ಟು ಹಳೇದಿದು. ಇದನ್ನ ಮೂಲೇಲಿ ಬಿಸಾಕಿರೋದು ಸರಿಯಲ್ಲ. ಹೊಸ ಅಡುಗೆಮನೆಗೆ ಹೋಗೋ ದಾರೀಲಿ ಗೋಡೆ ಇದೆಯಲ್ಲ, ಅಲ್ಲಿ ಹಾಕಿಸ್ತೀನಿ. ಮೇಲೊಂದು ದೀಪ. ಬಂದವರೆಲ್ಲ ನೋಡಲಿ, ನನ್ನ ತಾಯಿ ಎಂಥವಳು ಅಂತ."

ಅತ್ತೆಯ ಮುಖ ಅರಳಿದ್ದನ್ನು ನಾನು ನೋಡಿದೆ. ಹುಟ್ಟಿದಾಗಿನಿಂದ ಮಗ ಆ ದಮ್ಮಡಿಯ ಬಗ್ಗೆ ಆಡಿದ ಮೊದಲನೆಯ ಒಳ್ಳೆಯ ಮಾತು ಅದು. "ಬೇಕಾದಾಗ ಇಳಿಸಿಕೊಳ್ಳಬಹುದು ತಾನೇ?" ಎಂದಷ್ಟೇ ಕೇಳಿದರು.

"ಓಹೋ, ಧಾರಾಳವಾಗಿ."

ಸ್ವಲ್ಪ ಚೊಕ್ಕ ಮಾಡಿಸಿ ತರುತ್ತೇನೆಂದು ಅದನ್ನು ತಮ್ಮ ಕಂಪನಿಯ ಬಡಗಿಯ ಹತ್ತಿರ ಒಯ್ದರು. ಬಂದಾಗ ಥಳಥಳ ಹೊಳೆಯುತ್ತಿತ್ತು. ಗೋಡೆಯ ಮೇಲೆ ಎತ್ತರದಲ್ಲಿ ಹಾಕಿ, ದೀಪ ಹಚ್ಚಿ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸಿದರು. ಅತ್ತೆ ಕೆಳಗೆ ನಿಂತು ಕತ್ತೆತ್ತಿ ನೋಡಿ, "ಚೆನ್ನಾಗಿದೆ ಕಣೋ," ಎಂದರು. ಗಿರಾಕಿಗಳು ಬರುವ ದಿನಗಳು, ಗೋಡೆ ಬೋಳಾಗಿ ಕಾಣುತ್ತದೆಂದು ಅತ್ತೆ ಅದನ್ನು ಇಳಿಸಲೂ ಇಲ್ಲ. ತೊಡೆಯ ಮೇಲೇ ತಾಳ ಹಾಕಿಕೊಂಡು ಗಿಡ್ಡಿಗಾಗಿ ಹಾಡು ಕಟ್ಟುತ್ತಿದ್ದರು. ಗಿಡ್ಡಿಯ ಕೈಗೆ ಬೆಡ್‌ಶೀಟಿನ ಮೇಲಿನ ಮೂಲೆ ಎಟುಕುತ್ತಿರಲಿಲ್ಲವಂತೆ, ಅದಕ್ಕೆ ಅವಳು ಸೋಪಿನ ಡಬ್ಬಿ ಹತ್ತಿ ನಿಲ್ಲುತ್ತಿದ್ದಳಂತೆ. ಆ ಸಾಲು ಬಂದಾಗಲೆಲ್ಲ ಅತ್ತೆ ತಾವೇ ನಗುತ್ತಿದ್ದರು.

ಗಿರಾಕಿಗಳು ಬಂದರು. ಹೊಸ ಜೋಡಿ, ಒಳ್ಳೆಯ ಬಟ್ಟೆ. ಅವತ್ತು ನನಗೆ ರಜೆ. ನಾನೂ ಅತ್ತೆಯೂ ಹಿತ್ತಲಿನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆವು. ಮಾದರಿ ಅಡುಗೆಮನೆಯಲ್ಲಿ ಗಿರಾಕಿಗಳಿರುವಾಗ ಸೊಪ್ಪಿನ ಕಸ ಕಾಣಬಾರದು ನೋಡಿ. ತೆರೆದ ಕಿಟಕಿಯಿಂದ ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಇದೇನಿದು, ತುಂಬ ಚೆನ್ನಾಗಿದೆ," ಎಂದಳು ಬಂದವಳು.

"ನಮ್ಮ ತಾಯೀದು. ದೊಡ್ಡ ಜಾನಪದ ಕಲಾವಿದೆ ಅವರು."

"ಅಯ್ಯೋ, ಹೌದಾ? ಒಂದೇ ಒಂದು ಹಾಡು ಕೇಳಬಹುದಾ?"

"ಇಲ್ಲ, ಈಗ ಎಲ್ಲ ಬಿಟ್ಟುಬಿಟ್ಟಿದ್ದಾರೆ," ಎಂದರು ನಮ್ಮವರು. "ವಯಸ್ಸಾಯ್ತಲ್ಲ. ಬನ್ನಿ, ಈ ಡ್ರಾಯರ್ ನೋಡಿ."

ಅತ್ತೆಯ ಕೈ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ಬಿಡಿಸಿದ ಸೊಪ್ಪನ್ನೂ ಕಡ್ಡಿಯನ್ನೂ ಒಂದೇ ಪಾತ್ರೆಗೆ ಹಾಕಿ ಎದ್ದು ಹೋದರು.

ಗಿರಾಕಿಗಳ ಕಾರು ಗೇಟು ದಾಟುವುದನ್ನೇ ಕಾಯುತ್ತಿದ್ದವರ ಹಾಗೆ ಅತ್ತೆ ಸ್ಟೂಲು ಎಳೆದು ಹತ್ತಿ ದಮ್ಮಡಿ ಇಳಿಸಿದರು. ಅಲ್ಲೇ ನಿಂತು ಒಂದು ಏಟು ಹಾಕಿದರು. ಟಪ್. ಇನ್ನೊಂದು ಏಟು. ಟಪ್. ಹೆಬ್ಬೆರಳಲ್ಲಿ ಒತ್ತಿದರು, ಉಗುರಿನಿಂದ ಕೆರೆದರು. ಉಗುರಿಗೆ ಹಳದಿ ಹೊಟ್ಟು ಬಂತು. ಮೂಗಿನ ಹತ್ತಿರ ಹಿಡಿದರು.

"ವಾರ್ನಿಶ್," ಎಂದರು.

ಮರದ ಬಳೆಗೆ ಹೊಡೆಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆ ಮಹಾನುಭಾವರು ತೊಗಲಿಗೂ ಹೊಡೆಸಿದ್ದರು, ಮಗಚಿ ಒಳಬದಿಗೂ. ಹೊಳೆಯಲಿ ಅಂತ. ವಾರ್ನಿಶ್ ಕುಡಿದ ತೊಗಲು ಕಾಯಿಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಎಷ್ಟೋ ಹೆಂಗಸರನ್ನು ಗೇಟು ದಾಟಿಸಿದ ದನಿಯನ್ನು ಬ್ರಷ್ಷಿನಲ್ಲಿ ಬಳಿದು ಮುಚ್ಚಿಬಿಟ್ಟಿದ್ದರು.

ಅಂದು ಊಟಕ್ಕೆ ಕೂತಾಗಲೇ ಜಗಳ ಹತ್ತಿಕೊಂಡಿತು.

"ನನಗೇನು ಗೊತ್ತಿತ್ತು?" ಎಂದರು ನಮ್ಮವರು. "ಗೌರವಕ್ಕೆ ಅಂತ ಮಾಡಿಸಿದ್ದು."

"ಕೇಳಿದ್ದರೆ ಗೊತ್ತಾಗ್ತಿತ್ತು," ಎಂದೆ. "ಬದುಕಿರೋ ತಾಯಿಗೆ ಫೋಟೋ ಹಾಕೋ ಹಾಗೆ ದೀಪ ಹಾಕಿ ಇಟ್ಟಿರಿ. ಹಾರ ಒಂದು ಬಾಕಿ."

"ನೀನು ಕಂಡಕ್ಟರ್‌ಗಿರಿ ಬಸ್ಸಲ್ಲಿ ಇಟ್ಕೋ."

"ಬಸ್ಸಲ್ಲಿ ಇಂಥವರನ್ನ ಇಳಿಸಿಬಿಡ್ತೀನಿ. ಮನೇಲಿ ಇಳಿಸೋಕಾಗಲ್ಲ, ಅದೇ ಕಷ್ಟ."

ಮಗಳು ಕಿಸಕ್ಕನೆ ನಕ್ಕಳು. ನಮ್ಮವರಿಗೆ ರೇಗಿತು. ತಟ್ಟೆ ಸರಿಸಿ ತಾಯಿಯ ಕಡೆ ತಿರುಗಿದರು. "ಅಮ್ಮ, ಒಂದು ಮಾತು ಹೇಳ್ತೀನಿ ಕೇಳು. ನಾನು ಸ್ಕೂಲಲ್ಲಿದ್ದಾಗ ನಿಮ್ಮ ಮುಷ್ಕರದ ಮೆರವಣಿಗೆ ನಮ್ಮ ಕಿಟಕಿ ಮುಂದೇನೇ ಬಂತು. ನೀನು ಎಲ್ಲರಿಗಿಂತ ಮುಂದೆ, ಇದನ್ನ ಬಡ್ಕೊಂಡು. ಇಡೀ ಕ್ಲಾಸು ನನ್ನ ಕಡೆ ತಿರುಗಿ ನಕ್ಕಿತು. ನಾನು ಬೆಂಚಿನ ಕೆಳಗೆ ಹೋಗಿ ಕೂತೆ. ಅವತ್ತಿಂದ ಇದರ ಸದ್ದು ಕೇಳಿದರೆ ನನಗೆ ಬೆಂಚಿನ ಕೆಳಗೆ ಹೋಗೋಣ ಅನ್ಸುತ್ತೆ. ಗೋಡೆ ಮೇಲೆ ಇದ್ದರೆ ಚೆಂದ. ಸದ್ದಿಲ್ಲದೆ ಇದ್ದರೆ ನನಗೂ ಅದು ಚೆಂದವೇ."

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು.

ಅತ್ತೆ ನೀರು ಕುಡಿದು ಲೋಟ ಕೆಳಗಿಟ್ಟರು. "ಆ ಮುಷ್ಕರ ಯಾಕೆ ಮಾಡಿದ್ದು ಗೊತ್ತೇನೋ? ಕೈಗವಸಿಗೆ. ಬಟ್ಟೆ ಒಗೆಯೋ ಸೋಡಾ ನೀರಲ್ಲಿ ಬರಿಗೈ ಅದ್ದಿ ಅದ್ದಿ ಚರ್ಮ ಸುಲಿದುಹೋಗ್ತಿತ್ತು. ಮನೆಗೆ ಬಂದು ಎಷ್ಟು ತೊಳೆದರೂ ಹೋಗ್ತಿರಲಿಲ್ಲ. ಆ ಕೈಲಿ ಅನ್ನ ಕಲಸಿ ತಿನ್ನಿಸಿದರೆ ನಿನ್ನ ತುಟಿ ಉರೀತಿತ್ತು. ನೀನು ಅಳ್ತಿದ್ದೆ. ಅಮ್ಮನ ಕೈ ಬೇಡ, ಅಪ್ಪನೇ ತಿನ್ನಿಸಲಿ ಅಂತಿದ್ದೆ. ಅದಕ್ಕೇ ಮುಂದೆ ನಿಂತು ಬಾರಿಸಿದ್ದು. ಕೈಗವಸು ಬಂತು, ನೀನು ನನ್ನ ಕೈಲಿ ಊಟ ಮಾಡಿದೆ. ನಿನಗೆ ಬೆಂಚೊಂದೇ ನೆನಪಿದೆ."

ನಮ್ಮವರು ಸರಿಸಿದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. "ಆದದ್ದಾಯ್ತು. ಗಿಡ್ಡಕ್ಕನಿಗೆ ಒಂದು ಒಳ್ಳೆ ಸೀರೆ ಕೊಡಿಸೋಣ," ಎಂದರು. ಇಂಥ ಮನುಷ್ಯನಿಗೆ ಏನು ಹೇಳುವುದು?

ಅತ್ತೆ ಎದ್ದು, ಹೊಸ ಡ್ರಾಯರ್ ಎಳೆದು, ಚಾಕು ತೆಗೆದು, ಬಳೆಯ ಅಂಚಿನಲ್ಲಿ ಸುತ್ತಲೂ ಕೊಯ್ದು ತೊಗಲನ್ನು ಬಿಡಿಸಿದರು. ಗಟ್ಟಿ ಬಿಲ್ಲೆಯ ಹಾಗೆ ಅದು ಇಡಿಯಾಗಿ ಕೈಗೆ ಬಂತು. ಡ್ರಾಯರ್ ಸದ್ದಿಲ್ಲದೆ ಮುಚ್ಚಿಕೊಂಡಿತು.

ಮರುದಿನ ನನ್ನ ಬಸ್ಸಿನಲ್ಲೇ ಅವರನ್ನು ಕೂರಿಸಿಕೊಂಡು ಹೋಗಿ, ವಾದ್ಯಗಳಿಗೆ ತೊಗಲು ಕಟ್ಟುವವನ ಅಂಗಡಿಯ ಹತ್ತಿರ ಇಳಿಸಿದೆ. ಅವನು ಬರೀ ಬಳೆಯನ್ನು ತಿರುಗಿಸಿ ನೋಡಿ ತಲೆ ಕೆರೆದುಕೊಂಡನಂತೆ. "ಕಟ್ಟಿಕೊಡ್ತೀನಿ ತಾಯಿ. ಆದರೆ ಹೊಸ ತೊಗಲು, ಪಳಗೋಕೆ ಸಮಯ ಬೇಕು. ನೀವು ಹೇಳೋ ದಿನಕ್ಕೆ ಬಾರಿಸಬೇಕು ಅಂದರೆ ಹೊರಡೋ ಮುಂಚೆ ಚೆನ್ನಾಗಿ ಉರಿ ತೋರಿಸಬೇಕು. ಇಲ್ಲದಿದ್ದರೆ ಸದ್ದೇ ಏಳಲ್ಲ."

ಉರಿ. ಮತ್ತೆ ಅದೇ. ಮನೆಯಲ್ಲಿ ಒಲೆ ಇಲ್ಲ, ಬೀದಿಯಲ್ಲಿ ಇಸ್ತ್ರಿಯವನಿಲ್ಲ.

ಗಿಡ್ಡಿಯ ನಿವೃತ್ತಿಯ ದಿನಕ್ಕೇ ನಮ್ಮವರು ಒಬ್ಬ ಬಿಲ್ಡರನ್ನು ಕರೆದಿದ್ದರು. ಕಟ್ಟುತ್ತಿರುವ ಇಡೀ ಕಟ್ಟಡಕ್ಕೆ ಅಡುಗೆಮನೆ ಹಾಕಿಸುವ ಗಿರಾಕಿ. ಬೇರೆ ದಿನ ಕರೆಯಿರಿ ಎಂದು ಮಗಳು ಹೇಳಿದ್ದಳು. ಆಗುವುದಿಲ್ಲ, ಅವರಿಗೆ ಪುರುಸೊತ್ತಿರುವುದು ಅವತ್ತೇ ಎಂದರು. ಅಮ್ಮ ಟೀ ಮಾಡಿಕೊಟ್ಟು ಆಮೇಲೆ ಹೋಗಲಿ ಎಂದೂ ಸೇರಿಸಿದರು. ನಾನು ರಜೆ ಹಾಕಿದ್ದೆ, ಟೀ ಮಾಡಲಿಕ್ಕಲ್ಲ.

ಮಧ್ಯಾಹ್ನ ಅತ್ತೆ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೊಸ ತೊಗಲು ಕಟ್ಟಿಸಿ ತಂದಿದ್ದ ದಮ್ಮಡಿ ಕೈಗೆ ತೆಗೆದುಕೊಂಡು, ಮೆಟ್ಟಿಲ ಕೆಳಗೆ ಬಗ್ಗಿ ಏನನ್ನೋ ಹುಡುಕಿದರು. ಸಿಕ್ಕಿತು. ಆ ಕರೀ ಗಾಜಿನ ಒಲೆ ತುಂಬಿಕೊಂಡು ಬಂದ ರಟ್ಟಿನ ಪೆಟ್ಟಿಗೆ. ಮೇಲೆ ಒಲೆಯ ಚಿತ್ರ, ಅದರ ಪಕ್ಕ ನಗುತ್ತಾ ನಿಂತ ಒಬ್ಬ ಹೆಂಗಸು. ಅದನ್ನು ಎಳೆದು ಅಂಗಳಕ್ಕೆ ತಂದರು.

"ಅತ್ತೆ, ಬೆಂಕಿಪೊಟ್ಟಣ?" ಎಂದೆ.

"ನಿನ್ನ ಹತ್ತಿರ ಇದ್ದರೆ ಕೊಡು."

ಹೊಸ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣ ಎಲ್ಲಿರುತ್ತದೆ? ಮಗಳು ಅಂಗಡಿಗೆ ಹೋಗಿ ತಂದಳು. ಅವಳೇ ಕುಳಿತು ಪೆಟ್ಟಿಗೆಯನ್ನು ಹರಿದು ಚೂರು ಮಾಡಿ ಒಟ್ಟಿದಳು. ಅತ್ತೆ ಕಡ್ಡಿ ಗೀರಿದರು. ಮೊದಲು ಹೊಗೆ, ಆಮೇಲೆ ಉರಿ. ಅತ್ತೆ ಕುಕ್ಕರುಗಾಲಲ್ಲಿ ಕೂತು ದಮ್ಮಡಿಯನ್ನು ಉರಿಯ ಮೇಲೆ ಹಿಡಿದು ತಿರುಗಿಸತೊಡಗಿದರು. ಒತ್ತಿ ನೋಡುವುದು, ಮತ್ತೆ ಹಿಡಿಯುವುದು. ಅವಸರವಿಲ್ಲ.

ನಮ್ಮವರು ಒಳಗಿನಿಂದ ಓಡಿಬಂದರು. "ಅಮ್ಮ, ಏನು ಮಾಡ್ತಿದ್ದೀಯ? ಅವರು ಈಗ ಬರ್ತಾರೆ. ಆರಿಸು."

"ಇನ್ನೂ ಕಾದಿಲ್ಲ."

"ಹಿತ್ತಲಿಗಾದರೂ ಹೋಗು."

"ಹಿತ್ತಲಿಂದ ಬಂದೆ ಕಣೋ. ಅಲ್ಲಿ ಕೂತಿದ್ದಾಗಲೇ ತಾನೇ ಗಿರಾಕಿಗಳ ಮುಂದೆ ನನ್ನ ಕೈಲಿ ಬಾರಿಸೋದು ಬಿಡಿಸಿದ್ದು ನೀನು?"

ಬಕೆಟ್ ತರಲು ನಮ್ಮವರು ತಿರುಗಿದರು. ಬಾಗಿಲಿಗೆ ಅಡ್ಡವಾಗಿ ನಾನು ನಿಂತೆ. ತುಂಬಿದ ಬಸ್ಸಿನ ಬಾಗಿಲಲ್ಲಿ ಕೈ ಅಡ್ಡ ಇಟ್ಟು ನಿಂತು ಅಭ್ಯಾಸವಿದ್ದವಳು, ಯಾರನ್ನು ಬಿಡಬೇಕು ಯಾರನ್ನು ಬಿಡಬಾರದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಷ್ಟರಲ್ಲಿ ಕಾರು ಬಂದು ನಿಂತಿತು. ಬಿಲ್ಡರೂ ಅವರ ಹೆಂಡತಿಯೂ ಇಳಿದು, ಹೊಗೆ ನೋಡಿ, ಗೇಟಿನ ಬಳಿಯೇ ನಿಂತರು. ನಮ್ಮವರ ಮುಖ ಹುಳ್ಳಗಾಯಿತು. "ಬನ್ನಿ ಸಾರ್, ಬನ್ನಿ. ಏನಿಲ್ಲ, ಸ್ವಲ್ಪ ಕಸ ಸುಡ್ತಿದ್ದೀವಿ," ಎಂದರು.

ಅತ್ತೆ ಎದ್ದು ನಿಂತರು. ಸೆರಗಿನಿಂದ ಹಣೆ ಒರೆಸಿಕೊಂಡು ಬಂದವರಿಗೆ ಹೇಳಿದರು, "ಅಡುಗೆಮನೆ ಒಳಗಿದೆ, ಹೋಗಿ ನೋಡಿ. ಚೆನ್ನಾಗಿದೆ, ಹೊಗೆ ಇಲ್ಲ, ಸದ್ದಿಲ್ಲ. ಹೋಗೋ ದಾರೀಲಿ ಗೋಡೆ ಮೇಲೆ ನನ್ನ ಹಳೇ ತೊಗಲೂ ಇದೆ. ನಾನೇ ಬೆಳಗ್ಗೆ ಮೊಳೆ ಹೊಡೆದು ಹಾಕಿದ್ದೀನಿ, ದೀಪದ ಕೆಳಗೆ. ಬಾರಿಸೋದು ಬಿಟ್ಟಿರೋದು ಅದು. ನಾನಲ್ಲ."

ಹೀಗೆಂದು ಕೈಯಲ್ಲಿದ್ದುದಕ್ಕೆ ಒಂದು ಏಟು ಹಾಕಿದರು. ಠಣ್ ಎಂದಿತು. ಬಿಲ್ಡರ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದಳು. ನಮ್ಮವರು ಒಳಗೆ ಹೋದರು. ಗಿರಾಕಿಗಳಿಗಿಂತ ಮೊದಲೇ ಹೋದರು.

ಮಗಳು ಬೂದಿಗೆ ನೀರು ಹಾಕಿದಳು. ನಾವು ಮೂವರೂ ಹೊರಟೆವು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆಸ್ಪತ್ರೆಯ ಹಿಂದಿನ ಗೇಟಿಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅತ್ತೆಯ ಜೊತೆಯ ನಾಲ್ಕಾರು ಮುದುಕಿಯರು ಕಾಂಪೌಂಡಿಗೆ ಒರಗಿ ಕೂತಿದ್ದರು. ಗೇಟಿನ ಒಳಗೆ, ಕಂಬಿಗೆ ಒತ್ತಿಕೊಂಡು, ಕೈಚೀಲ ಎದೆಗೆ ಹಿಡಿದು ಗಿಡ್ಡಿ ನಿಂತಿದ್ದಳು. ವಾಚ್‌ಮನ್, "ಅಮ್ಮ, ಡ್ಯೂಟಿ ಮುಗಿದು ಎಷ್ಟು ಹೊತ್ತಾಯ್ತು, ಹೋಗಿ ಅಂದರೆ ಕೇಳ್ತಿಲ್ಲ," ಎಂದು ನಮ್ಮ ಬಳಿ ದೂರಿದ.

ಗಿಡ್ಡಿ ಅತ್ತೆಯನ್ನು ನೋಡಿದಳು. ಕಣ್ಣು ಒದ್ದೆಯಾಗಿತ್ತು, ಆದರೂ ಬಾಯಿ ಜೋರು. "ಬರಲ್ಲ ಅಂದ್ಕೊಂಡೆ. ಎಲ್ಲಿ ಸತ್ತುಹೋಗಿದ್ದೆ ಇಷ್ಟು ಹೊತ್ತು?"

"ಮಗ ನನ್ನನ್ನ ಗೋಡೆಗೆ ಹಾಕಿದ್ದ ಕಣೆ," ಎಂದರು ಅತ್ತೆ, ದಮ್ಮಡಿಯನ್ನು ಎತ್ತಿ ಹಿಡಿಯುತ್ತಾ. "ಇಳಿದು ಬರೋಕೆ ಹೊತ್ತಾಯ್ತು. ಕಾಲು ಎತ್ತು."